ಪಾಲಕ್ ಸೊಪ್ಪಿನಲ್ಲಿ ಕ್ಯಾಡ್ಮಿಯಂ: ವರದಿ ಓದುವುದು ಹೇಗೆ, ಹೊಲದಲ್ಲಿ ಮಾಡುವುದೇನು?

ಪ್ರಶ್ನೆ: ಬಿಡದಿ ಹತ್ತಿರ, ಬೆಂಗಳೂರಿನ ಕೊಳಚೆ ಹೊತ್ತು ಬರುವ ವೃಷಭಾವತಿ ಹೊಳೆ ಮಗ್ಗುಲಲ್ಲಿ ನಮ್ಮದು ಒಂದೂವರೆ ಎಕರೆ ಕೆಂಪು ಮಣ್ಣಿನ ಜಮೀನು. ಹದಿನೈದು ವರ್ಷದಿಂದ ಹೊಳೆ ನೀರನ್ನೇ ಮೋಟರಿನಲ್ಲಿ ಎತ್ತಿ ಪಾಲಕ್, ದಂಟು, ಕೊತ್ತಂಬರಿ, ಮೂಲಂಗಿ ಬೆಳೆಯುತ್ತಿದ್ದೇವೆ. ಅಮೋನಿಯಂ ಸಲ್ಫೇಟ್, ಪೊಟ್ಯಾಷ್ ಹಾಕುತ್ತೇವೆ. ಎರಡು ವರ್ಷದ ಹಿಂದೆ ಎಕರೆಗೆ ಇಪ್ಪತ್ತು ಟ್ರ್ಯಾಕ್ಟರ್ ಕೆರೆ ಗೋಡು (ಹೂಳು) ಹೊಡೆಸಿದ್ದೆವು. ಈಗ ಪರೀಕ್ಷೆ ಮಾಡಿಸಿದರೆ ಹೀಗೆ ಬಂದಿದೆ: ಮಣ್ಣಿನ ರಸಸಾರ 6.0, ಕಿಲೋ ಮಣ್ಣಿನಲ್ಲಿ ಕ್ಯಾಡ್ಮಿಯಂ 1.4, ಸೀಸ 58, ನಿಕ್ಕಲ್ 48, ಸತು 210 ಮಿಲಿಗ್ರಾಂ. ಪಾಲಕ್‌ನಲ್ಲಿ ಕ್ಯಾಡ್ಮಿಯಂ 3.8, ಸೀಸ 6.5, ಮೂಲಂಗಿ ಗೆಡ್ಡೆಯಲ್ಲಿ ಕ್ಯಾಡ್ಮಿಯಂ 0.9. ಕ್ಯಾಡ್ಮಿಯಂ ಮಿತಿಗಿಂತ 19 ಪಟ್ಟು ಜಾಸ್ತಿ ಎಂದು ಪರಿಚಯದವರೊಬ್ಬರು ಹೆದರಿಸಿದ್ದಾರೆ. ಬೆಳೆ ನೋಡಿದರೆ ಹಸಿರಾಗಿ ಚೆನ್ನಾಗೇ ಇದೆ. ಸೊಪ್ಪನ್ನು ಉಪ್ಪು ನೀರಿನಲ್ಲಿ ತೊಳೆದರೆ ಸಾಕೇ? ಸಾಸಿವೆ ಬೆಳೆದರೆ ಮಣ್ಣಿನ ಲೋಹ ಹೋಗುತ್ತದಂತೆ, ನಿಜವೇ?

ಉತ್ತರ: ಹತ್ತೊಂಬತ್ತು ಪಟ್ಟು ಎಂಬುದು ತಪ್ಪು ಲೆಕ್ಕ. ಹಾಗೆಂದು ನಿಶ್ಚಿಂತರಾಗುವಂತಿಲ್ಲ. ಸರಿಯಾಗಿ ಲೆಕ್ಕ ಹಾಕಿದರೂ ನಿಮ್ಮ ಪಾಲಕ್ ಮಿತಿ ದಾಟಿದೆ.

ಮೊದಲು ಲೆಕ್ಕ. ಪ್ರಯೋಗಾಲಯದವರು ಸೊಪ್ಪನ್ನು ಒಣಗಿಸಿ, ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿ ಅಳೆಯುತ್ತಾರೆ. ಹಾಗಾಗಿ ವರದಿಯಲ್ಲಿರುವುದು ಬಹುಪಾಲು ಒಣತೂಕದ ಅಂಕಿ. ಆಹಾರದ ಮಿತಿ ಇರುವುದು ಹಸಿತೂಕಕ್ಕೆ, ಅಂದರೆ ಸಂತೆಯಲ್ಲಿ ತಕ್ಕಡಿಗೆ ಬೀಳುವ ಸೊಪ್ಪಿಗೆ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಕ್ಯಾಡ್ಮಿಯಂಗೆ ಕಿಲೋ ಸೊಪ್ಪಿಗೆ 0.2, ಗೆಡ್ಡೆಗೆ 0.1, ಕಾಯಿ ತರಕಾರಿಗೆ 0.05 ಮಿಲಿಗ್ರಾಂ ಮಿತಿ ಇದೆ. ಸೀಸಕ್ಕೆ ಸೊಪ್ಪಿನಲ್ಲಿ 0.3, ಗೆಡ್ಡೆಯಲ್ಲಿ 0.1, ಕಾಯಿಯಲ್ಲಿ 0.05. ಪಾಲಕ್‌ನಲ್ಲಿ ನೂರಕ್ಕೆ 92ರಷ್ಟು ನೀರೇ. 3.8ನ್ನು 0.08ರಿಂದ ಗುಣಿಸಿದರೆ 0.30 ಬರುತ್ತದೆ. ಮಿತಿ 0.2. ಹತ್ತೊಂಬತ್ತು ಪಟ್ಟಲ್ಲ, ಒಂದೂವರೆ ಪಟ್ಟು. ಮೂಲಂಗಿಯಲ್ಲಿ ನೀರು ಇನ್ನೂ ಹೆಚ್ಚು, 95ರ ಆಸುಪಾಸು. 0.9 ಅಲ್ಲಿ 0.045ಕ್ಕೆ ಇಳಿಯುತ್ತದೆ, ಮಿತಿಯ ಅರ್ಧಕ್ಕೂ ಕಡಿಮೆ. ಹೆದರಿಸುವ ಸುದ್ದಿಗಳು ಈ ಒಂದು ಗುಣಾಕಾರ ಮರೆತದ್ದರಿಂದಲೂ ಹುಟ್ಟಬಹುದು. ಮುಂದಿನ ಸಲ ಸ್ಯಾಂಪಲ್ ಕೊಡುವಾಗ ತೇವಾಂಶವನ್ನೂ ಬರೆದುಕೊಡಿ ಎಂದು ಕೇಳಿ.

ಇನ್ನು ಒಂದೂವರೆ ಪಟ್ಟು ಅಂದರೆ ಎಷ್ಟು ಅಪಾಯ? ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಜಂಟಿ ತಜ್ಞರ ಸಮಿತಿ 2010ರಲ್ಲಿ ಹೇಳಿದ ಲೆಕ್ಕದಂತೆ, ದೇಹತೂಕದ ಪ್ರತಿ ಕಿಲೋಗೆ ತಿಂಗಳಿಗೆ 25 ಮೈಕ್ರೋಗ್ರಾಂ ಕ್ಯಾಡ್ಮಿಯಂ ಮೀರಬಾರದು. 60 ಕಿಲೋ ತೂಗುವವರಿಗೆ ಅದು ದಿನಕ್ಕೆ 50 ಮೈಕ್ರೋಗ್ರಾಂ. ನಿಮ್ಮ ಪಾಲಕ್ ದಿನಕ್ಕೆ 100 ಗ್ರಾಂ ತಿಂದರೆ 30 ಅಲ್ಲಿಂದಲೇ ಬಂತು. ಅನ್ನ, ರಾಗಿ, ಕಾಳಿನಿಂದ ಬರುವುದು ಬೇರೆ. 15 ಕಿಲೋ ತೂಗುವ ಮಗುವಿಗೆ 40 ಗ್ರಾಂ ಸೊಪ್ಪೇ ದಿನದ ಪಾಲನ್ನು ಮುಗಿಸಿಬಿಡುತ್ತದೆ. ಒಂದು ದಿನ ತಿಂದರೆ ಏನೂ ಆಗದು. ಆದರೆ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಕೂತರೆ ಅದರ ಅರ್ಧ ಭಾಗ ಹೊರಹೋಗಲು ಹತ್ತರಿಂದ ಮೂವತ್ತು ವರ್ಷ ಬೇಕು. ರಕ್ತಹೀನತೆ ಇರುವ ಹೆಂಗಸರ ಕರುಳು ಇದನ್ನು ಇನ್ನೂ ಹೆಚ್ಚು ಹೀರುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಹೊಗೆಯಿಂದಲೂ ಸೇರುತ್ತದೆ. ಹಾಗಾಗಿ ವಾರಕ್ಕೊಮ್ಮೆ ಕಟ್ಟು ಕೊಳ್ಳುವ ಪೇಟೆಯವರಿಗಿಂತ, ದಿನವೂ ಹೊಲದಿಂದಲೇ ಸೊಪ್ಪು ಕಿತ್ತು ತಿನ್ನುವ ನಿಮ್ಮ ಮನೆಯವರಿಗೇ ಇದರ ಚಿಂತೆ ಹೆಚ್ಚು.

'ಬೆಳೆ ಚೆನ್ನಾಗೇ ಇದೆ' ಎಂದಿರಿ. ಕ್ಯಾಡ್ಮಿಯಂ ವಿಷಯದಲ್ಲಿ ಮೋಸವಾಗುವುದೇ ಅಲ್ಲಿ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿ ರೂಫಸ್ ಚೇನಿ 1980ರಲ್ಲಿ ಲೋಹಗಳನ್ನು ಗಿಡ ಹೇಗೆ ತಡೆಯುತ್ತದೆ ಎಂಬುದರ ಮೇಲೆ ವಿಂಗಡಿಸಿದರು. ಆ ವಿಂಗಡಣೆ ಇಂದಿಗೂ ಹೊಲದಲ್ಲಿ ಕೆಲಸಕ್ಕೆ ಬರುತ್ತದೆ. ಸತು, ತಾಮ್ರ, ನಿಕ್ಕಲ್ ಹೆಚ್ಚಾದರೆ ಮೊದಲು ಗಿಡವೇ ಸೊರಗುತ್ತದೆ: ಎಳೆ ಎಲೆಯ ನರ ಹಸಿರಾಗಿಯೇ ಉಳಿದು ನಡುವೆ ಹಳದಿ ಬರುತ್ತದೆ, ಬೇರು ಮೊಂಡಾಗುತ್ತದೆ, ಇಳುವರಿ ಬೀಳುತ್ತದೆ. ತಿನ್ನುವವರಿಗೆ ತೊಂದರೆಯಾಗುವಷ್ಟು ಲೋಹ ಎಲೆಗೆ ಏರುವ ಹೊತ್ತಿಗೆ ಆ ಬೆಳೆ ಮಾರುವ ಸ್ಥಿತಿಯಲ್ಲೇ ಇರುವುದಿಲ್ಲ. ಸೀಸ ಮತ್ತು ಸಾಮಾನ್ಯ ರೂಪದ ಕ್ರೋಮಿಯಂ ಮಣ್ಣಿಗೋ ಬೇರಿಗೋ ಅಂಟಿಕೊಂಡು ಅಲ್ಲೇ ಉಳಿಯುತ್ತವೆ, ಎಲೆಗೆ ಏರುವುದು ಅತ್ಯಲ್ಪ. ಕ್ಯಾಡ್ಮಿಯಂ ಮಾತ್ರ ಸತುವಿನ ವೇಷದಲ್ಲಿ ಅದೇ ದಾರಿ ಹಿಡಿದು ಎಲೆಗೆ ಏರುತ್ತದೆ. ಗಿಡಕ್ಕೆ ಒಂದಿಷ್ಟೂ ತೊಂದರೆಯಾಗದ ಪ್ರಮಾಣದಲ್ಲೇ ಮನುಷ್ಯರ ಮಿತಿ ದಾಟಿರುತ್ತದೆ. ನಿಮ್ಮ ವರದಿಯಲ್ಲಿ ನಿಕ್ಕಲ್, ಸತುವಿನ ಅಂಕಿ ನೋಡಿ ಗಾಬರಿ ಬೇಡ. ನಿಮ್ಮ ಗಮನವೆಲ್ಲ ಕ್ಯಾಡ್ಮಿಯಂ ಮೇಲಿರಲಿ.

ಸೀಸದ ಕತೆ ಬೇರೆ. ಪಾಲಕ್‌ನ 6.5 ಹಸಿತೂಕಕ್ಕೆ 0.52 ಆಗುತ್ತದೆ, ಇದೂ ಮಿತಿಗಿಂತ ಹೆಚ್ಚು. ಆದರೆ ಬೇರಿನಿಂದ ಇಷ್ಟು ಸೀಸ ಏರುವುದು ಅಪರೂಪ. ನೆಲಕ್ಕಂಟಿ ಬೆಳೆಯುವ ಸೊಪ್ಪಿಗೆ ಮಳೆಹನಿ, ಕಾಲುವೆ ನೀರು ಮಣ್ಣು ಸಿಡಿಸುತ್ತವೆ. ಒಣತೂಕದಲ್ಲಿ ನೂರಕ್ಕೆ 5ರಷ್ಟು ಮಣ್ಣು ಅಂಟಿದ್ದರೂ, ನಿಮ್ಮ 58ರ ಮಣ್ಣಿನಿಂದ 2.9 ಮಿಲಿಗ್ರಾಂ ಅಲ್ಲಿಂದಲೇ ಬರುತ್ತದೆ. ರಸ್ತೆ ಬದಿಯ ಧೂಳೂ ಸೇರಿರಬಹುದು. ಖಚಿತ ಮಾಡಿಕೊಳ್ಳಲು ಒಂದೇ ಪಾತಿಯ ಸೊಪ್ಪನ್ನು ಎರಡು ಪಾಲು ಮಾಡಿ. ಒಂದನ್ನು ಹಾಗೇ ಕೊಡಿ, ಇನ್ನೊಂದನ್ನು ಮನೆಯಲ್ಲಿ ಅಡುಗೆಗೆ ತೊಳೆಯುವಂತೆ ಮೂರು ಸಲ ಶುದ್ಧ ನೀರಿನಲ್ಲಿ ಜಾಲಿಸಿ ಕೊಡಿ. ತೊಳೆದದ್ದರಲ್ಲಿ ಸೀಸ ಇಳಿದು ಕ್ಯಾಡ್ಮಿಯಂ ಹಾಗೇ ಉಳಿದರೆ, ಸೀಸ ಹೊರಗಿನ ಮಣ್ಣಿನದು ಎಂದರ್ಥ.

ನಿಮ್ಮ ತೊಳೆಯುವ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ತೊಳೆದರೆ ಮಣ್ಣಿನೊಂದಿಗೆ ಅಂಟಿದ ಸೀಸ ಬಹುಪಾಲು ಹೋಗುತ್ತದೆ, ಕ್ಯಾಡ್ಮಿಯಂ ಹೋಗದು. ಉಪ್ಪು, ಅರಿಶಿನ, ಹುಣಸೆ ನೀರು ಯಾವುದೂ ಎಲೆಯೊಳಗಿನ ಲೋಹವನ್ನು ಎಳೆದು ತೆಗೆಯುವುದಿಲ್ಲ. ಬೇಯಿಸಿದಾಗ ಸ್ವಲ್ಪ ನೀರಿಗೆ ಇಳಿಯುತ್ತದೆ ನಿಜ. ಆದರೆ ನಮ್ಮ ಕಡೆ ಬಸ್ಸಾರಿನಲ್ಲಿ ಆ ಬಸಿದ ಕಟ್ಟೇ ಸಾರಾಗಿ ತಟ್ಟೆಗೆ ಬರುತ್ತದಲ್ಲ!

ಇನ್ನು ಮಣ್ಣಿನ ಕ್ಯಾಡ್ಮಿಯಂ. 1.4 ಅಂಥ ದೊಡ್ಡ ಅಂಕಿಯಲ್ಲ. ಯುರೋಪಿನ 1986ರ ನಿಯಮ ಕೃಷಿ ಮಣ್ಣಿಗೆ 1ರಿಂದ 3 ಎನ್ನುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಉಲ್ಲೇಖಿಸುವ ಮಿತಿ 3ರಿಂದ 6. ಮಣ್ಣು ಮಿತಿಯೊಳಗಿದ್ದೂ ಸೊಪ್ಪು ಮಿತಿ ದಾಟಲು ನಿಮ್ಮ ಪತ್ರದಲ್ಲೇ ಮೂರು ಕಾರಣ ಕಾಣುತ್ತವೆ.

ಒಂದನೆಯದು ರಸಸಾರ, ಅಂದರೆ ಪಿಎಚ್. ಮಣ್ಣು ಹುಳಿಯಾದಂತೆ ಕ್ಯಾಡ್ಮಿಯಂ ಜೇಡಿಕಣದ ಹಿಡಿತ ಬಿಟ್ಟು ನೀರಿಗೆ ಬರುತ್ತದೆ. ಇದೇ ಲೋಹ 7.0ರ ಮಣ್ಣಿನಲ್ಲಿದ್ದಿದ್ದರೆ ಎಲೆಗೆ ಸಾಕಷ್ಟು ಕಡಿಮೆ ಹೋಗುತ್ತಿತ್ತು. ನೀವು ಹದಿನೈದು ವರ್ಷ ಹಾಕಿದ ಅಮೋನಿಯಂ ಸಲ್ಫೇಟ್, ಸಾರಜನಕ ಗೊಬ್ಬರಗಳಲ್ಲೇ ಮಣ್ಣನ್ನು ಅತಿ ಹೆಚ್ಚು ಹುಳಿ ಮಾಡುವಂಥದ್ದು.

ಎರಡನೆಯದು ಕ್ಲೋರೈಡ್. ಚರಂಡಿ ಬೆರೆತ ನೀರಿನಲ್ಲಿ ಉಪ್ಪಿನಂಶ ಇದ್ದೇ ಇರುತ್ತದೆ, ಅದರ ಮೇಲೆ ಕೆಂಪು ಪೊಟ್ಯಾಷ್, ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಕ್ಲೋರೈಡ್ ಕ್ಯಾಡ್ಮಿಯಂ ಜೊತೆ ಸೇರಿ ಕರಗುವ ಜೋಡಿಯಾಗುತ್ತದೆ. ಆ ಜೋಡಿಯನ್ನು ಮಣ್ಣು ಹಿಡಿದಿಡಲಾರದು, ಬೇರಿಗೆ ಸಲೀಸಾಗಿ ಸಿಗುತ್ತದೆ. ಇದನ್ನು ಬಹಳ ಜನ ಗಮನಿಸುವುದಿಲ್ಲ.

ಮೂರನೆಯದು ಆ ಕೆರೆ ಗೋಡು. ಗೋಡು ಹೊಡೆಯುವುದು ನಮ್ಮ ಬಯಲುಸೀಮೆಯ ಒಳ್ಳೆಯ ಪದ್ಧತಿ, ಅದನ್ನು ದೂರುತ್ತಿಲ್ಲ. ಆದರೆ ಕಾರ್ಖಾನೆ ನೀರು, ನಗರದ ಕೊಚ್ಚೆ ಸೇರುವ ಕೆರೆಯಲ್ಲಿ ಲೋಹ ನೀರಿನಲ್ಲಿ ತೇಲುತ್ತಾ ಇರುವುದಿಲ್ಲ, ಹೂಳಿನಲ್ಲಿ ಕೂತಿರುತ್ತದೆ. ಲೆಕ್ಕ ಹಾಕಿ ನೋಡಿ. ನೀರಾವರಿ ನೀರಿಗೆ ಎಫ್‌ಎಒ ಹಾಕಿದ ಮಿತಿ ಲೀಟರಿಗೆ 0.01 ಮಿಲಿಗ್ರಾಂ ಕ್ಯಾಡ್ಮಿಯಂ. ಆ ಮಿತಿಯ ನೀರನ್ನೇ ವರ್ಷಕ್ಕೆ ಒಂದು ಮೀಟರ್ ಎತ್ತರದಷ್ಟು ಹಾಯಿಸಿದರೆ ಎಕರೆಗೆ ಸುಮಾರು 40 ಲಕ್ಷ ಲೀಟರ್, ಅಂದರೆ 40 ಗ್ರಾಂ ಕ್ಯಾಡ್ಮಿಯಂ. ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ವರ್ಷಕ್ಕೆ ಏರುವುದು 0.04 ಮಿಲಿಗ್ರಾಂ ಚಿಲ್ಲರೆ, ಇಪ್ಪತ್ತು ವರ್ಷಕ್ಕೆ 0.9. ಇನ್ನು ಇಪ್ಪತ್ತು ಟ್ರ್ಯಾಕ್ಟರ್ ಗೋಡು ಅಂದರೆ ಸುಮಾರು 60 ಟನ್. ಅದರಲ್ಲಿ ಕಿಲೋಗೆ 5 ಮಿಲಿಗ್ರಾಂ ಕ್ಯಾಡ್ಮಿಯಂ ಇದ್ದಿದ್ದರೆ, ಒಂದೇ ದಿನದಲ್ಲಿ 300 ಗ್ರಾಂ ಹೊಲಕ್ಕೆ ಬಿತ್ತು. ಏಳು ವರ್ಷದ ನೀರಿಗೆ ಸಮ! ಇನ್ನು ಮುಂದೆ ಗೋಡು, ನಗರದ ಕಸದ ಗೊಬ್ಬರ, ಶುದ್ಧೀಕರಣ ಘಟಕದ ಕೆಸರು ಯಾವುದೇ ಆಗಲಿ ಪರೀಕ್ಷೆಯಿಲ್ಲದೆ ಹೊಲಕ್ಕೆ ಹೊಡೆಸಬೇಡಿ. ಕಸದ ಗೊಬ್ಬರಕ್ಕೆ ರಸಗೊಬ್ಬರ ನಿಯಂತ್ರಣ ಆದೇಶದ ಮಿತಿ ಕಿಲೋಗೆ ಕ್ಯಾಡ್ಮಿಯಂ 5, ಸೀಸ 100, ನಿಕ್ಕಲ್ 50, ಕ್ರೋಮಿಯಂ 50 ಮಿಲಿಗ್ರಾಂ. ಮಾರುವವರ ಹತ್ತಿರ ಆ ವರದಿ ಕೇಳಿ.

ಈಗ ಮಾಡಬೇಕಾದ್ದು. ಬೇಗ ಫಲ ಕೊಡುವುದು ಬೆಳೆ ಬದಲಾವಣೆ. ಪಾಲಕ್, ದಂಟು, ಲೆಟ್ಯೂಸ್ ಕ್ಯಾಡ್ಮಿಯಂ ಹೀರುವುದರಲ್ಲಿ ಮುಂದು. ಕೊತ್ತಂಬರಿ, ಮೆಂತ್ಯವನ್ನೂ ಸೊಪ್ಪಿನ ಸಾಲಿಗೇ ಸೇರಿಸಿ. ಗೆಡ್ಡೆಗಳು ನಡುವೆ. ಕಾಯಿ ತರಕಾರಿ, ಅದರಲ್ಲೂ ಹುರುಳಿಕಾಯಿ, ಅವರೆಯಂಥ ಕಾಳಿನ ಜಾತಿ ಮತ್ತು ಹೀರೆ, ಸೋರೆ, ಹಾಗಲ, ಸೌತೆ ಕೊನೆಗೆ. ಗಿಡ ಲೋಹವನ್ನು ಬೇರು, ಎಲೆಯಲ್ಲೇ ಬಹಳಷ್ಟು ಉಳಿಸಿಕೊಂಡು ಕಾಯಿಗೆ ಸ್ವಲ್ಪವೇ ಕಳಿಸುತ್ತದೆ. ಚಪ್ಪರದ ಬಳ್ಳಿಗಳಲ್ಲಿ ಇನ್ನೊಂದು ಅನುಕೂಲ, ಮಣ್ಣು ಸಿಡಿಯದು. ಬದನೆ ಬೆಳೆಯುವುದಾದರೆ ಸುಂಡೆ ಬೇರಿಗೆ ಕಸಿ ಕಟ್ಟಿದ ಸಸಿ ಒಳ್ಳೆಯದು. ಸುಂಡೆ ಬೇರು ಕ್ಯಾಡ್ಮಿಯಂ ಅನ್ನು ಮೇಲಕ್ಕೆ ಕಳಿಸುವುದು ಕಡಿಮೆ ಎಂದು ಜಪಾನಿನ ಪ್ರಯೋಗಗಳಲ್ಲಿ ಕಂಡಿದೆ, ಬಾಡು ರೋಗಕ್ಕೂ ತಡೆ. ಚೆಂಡು ಹೂವು, ಸೇವಂತಿಗೆ ತಿನ್ನುವ ಬೆಳೆಯಲ್ಲವಾದ್ದರಿಂದ ಹೊಳೆಗೆ ಅತಿ ಹತ್ತಿರದ, ಗೋಡು ಹೆಚ್ಚು ಬಿದ್ದ ತಾಕಿಗೆ ಅವನ್ನಿಡಿ.

ಮನೆಗೆ ಸೊಪ್ಪು ಬೇಕೇ ಬೇಕಲ್ಲ. ಅರ್ಧ ಗುಂಟೆಯಲ್ಲಿ 30 ಸೆಂಟಿಮೀಟರ್ ಎತ್ತರದ ಮಡಿ ಕಟ್ಟಿ, ಹೊಳೆಯಿಂದ ದೂರದ, ಪರೀಕ್ಷೆ ಮಾಡಿಸಿದ ಮಣ್ಣು ತುಂಬಿ. ಸುಮಾರು 15 ಘನ ಮೀಟರ್, ಅಂದರೆ ಐದು ಟ್ರ್ಯಾಕ್ಟರ್ ಲೋಡು ಹಿಡಿಯುತ್ತದೆ. ಆ ಮಡಿಗೆ ಬೋರ್‌ವೆಲ್ ಅಥವಾ ಮಳೆನೀರು ಮಾತ್ರ. ಬೋರ್‌ವೆಲ್ ಹೊಳೆಗೆ ಹತ್ತಿರವಿದ್ದರೆ ನಿಕ್ಕಲ್ ಮತ್ತು ಆರು ವೇಲೆನ್ಸಿಯ ಕ್ರೋಮಿಯಂ (ಕ್ರೋಮಿಯಂನ ಹೆಚ್ಚು ವಿಷದ ರೂಪ) ಪರೀಕ್ಷೆ ಮಾಡಿಸಿ. ಲೋಹ ಲೇಪನ ಕಾರ್ಖಾನೆಗಳಿಂದ ಬರುವ ಇವೆರಡೂ ಉಳಿದವುಗಳಿಗಿಂತ ಸುಲಭವಾಗಿ ನೆಲದೊಳಗೆ ಇಳಿಯುತ್ತವೆ.

ಉಳಿದ ಜಮೀನಿಗೆ ಸುಣ್ಣ. ರಸಸಾರವನ್ನು 6.0ರಿಂದ 6.8ರ ಹತ್ತಿರ ತರಬೇಕು. ಎಷ್ಟು ಹಾಕಬೇಕೆಂಬುದು ಮಣ್ಣಿನ ಜೇಡಿ ಅಂಶದ ಮೇಲೆ ನಿಂತಿದೆ. ಸುಣ್ಣದ ಅಗತ್ಯ ಎಂಬ ಪರೀಕ್ಷೆಯನ್ನೇ ಮಾಡಿಸಿ. ಮರಳುಮಿಶ್ರಿತ ಕೆಂಪು ಮಣ್ಣಿಗೆ ಎಕರೆಗೆ 600ರಿಂದ 800 ಕಿಲೋ ನುಣ್ಣನೆಯ ಕೃಷಿ ಸುಣ್ಣ ಬೇಕಾದೀತು, ಗುಂಟೆಗೆ 15ರಿಂದ 20 ಕಿಲೋ. ಒಮ್ಮೆಲೇ ಸುರಿಯಬೇಡಿ. ಅರ್ಧ ಈಗ, ಉಳಿದರ್ಧ ಆರು ತಿಂಗಳ ನಂತರ ರಸಸಾರ ನೋಡಿಕೊಂಡು. ಬಿತ್ತನೆಗೆ ಮೂರು ನಾಲ್ಕು ವಾರ ಮೊದಲು ಹರಡಿ, 15 ಸೆಂಟಿಮೀಟರ್ ಆಳದವರೆಗೆ ಕಲಸಿ, ತೇವ ಕೊಡಿ. ಒಣಮಣ್ಣಿನ ಮೇಲೆ ಬಿದ್ದಿರುವ ಸುಣ್ಣ ಏನೂ ಮಾಡದು. ಯೂರಿಯಾ ಜೊತೆ ಹಾಕಿದರೆ ಅಮೋನಿಯಾ ಹಾರಿಹೋಗುತ್ತದೆ. ಇಲ್ಲಿ ಆಗಾಗ ಆಗುವ ತಪ್ಪು ಜಿಪ್ಸಂ. ಅದರಲ್ಲೂ ಕ್ಯಾಲ್ಸಿಯಂ ಇದೆಯೆಂದು ಸುಣ್ಣದ ಬದಲು ಹಾಕುತ್ತಾರೆ. ಜಿಪ್ಸಂ ರಸಸಾರ ಏರಿಸುವುದೇ ಇಲ್ಲ. ಒಲೆ ಬೂದಿ ಆಗಬಹುದು, ಆದರೆ ಬಣ್ಣ ಬಳಿದ ಬಾಗಿಲು, ಕಿಟಕಿ ಸುಟ್ಟ ಬೂದಿ ಬೇಡ, ಹಳೆಯ ಬಣ್ಣದಲ್ಲಿ ಸೀಸವಿರುತ್ತದೆ. ರಸಸಾರ 7.2 ದಾಟಿದರೆ ಕಬ್ಬಿಣ, ಮ್ಯಾಂಗನೀಸ್ ಸಿಗದೆ ಬೆಳೆ ಬೆಳ್ಳಗಾಗುತ್ತದೆ. ಆರ್ಸೆನಿಕ್ ಅಥವಾ ಆರು ವೇಲೆನ್ಸಿಯ ಕ್ರೋಮಿಯಂ ಇರುವ ಮಣ್ಣಿನಲ್ಲಿ ಸುಣ್ಣ ಅವನ್ನು ಇನ್ನೂ ಸಡಿಲ ಮಾಡುತ್ತದೆ. ಹಾಗಾಗಿ ಆ ಎರಡನ್ನೂ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಿ.

ಸುಣ್ಣದಿಂದ ಹೊಲದಲ್ಲಿ ಸಿಗುವ ಫಲ ಒಂದೇ ಸಮನಲ್ಲ. ಕೆಲವು ಕಡೆ ಎಲೆಯ ಕ್ಯಾಡ್ಮಿಯಂ ಅರ್ಧಕ್ಕೆ ಇಳಿಯುತ್ತದೆ, ಕೆಲವು ಕಡೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದಕ್ಕೇ ಮೊದಲು ಒಂದು ಗುಂಟೆಯಲ್ಲಿ ಅಕ್ಕಪಕ್ಕ ಎರಡು ಪಾತಿ ಮಾಡಿ, ಒಂದಕ್ಕೆ ಸುಣ್ಣ ಹಾಕಿ, ಎರಡರಲ್ಲೂ ಪಾಲಕ್ ಬಿತ್ತಿ, 35ನೇ ದಿನದ ಕೊಯ್ಲಿನಲ್ಲಿ ಎರಡನ್ನೂ ಪರೀಕ್ಷೆಗೆ ಕಳಿಸಿ. ಪರೀಕ್ಷೆಯ ಖರ್ಚು ಹೆಚ್ಚೆನಿಸಿದರೂ ಎಕರೆಗಟ್ಟಲೆ ಸುಣ್ಣ ಹಾಕಿ ಫಲ ಸಿಗದೆ ಹೋಗುವುದಕ್ಕಿಂತ ಇದೇ ಅಗ್ಗ.

ಗೊಬ್ಬರದಲ್ಲಿ ಅಮೋನಿಯಂ ಸಲ್ಫೇಟ್ ನಿಲ್ಲಿಸಿ, ಕ್ಯಾಲ್ಸಿಯಂ ಅಮೋನಿಯಂ ನೈಟ್ರೇಟ್ ಬಳಸಿ. ಕೆಂಪು ಪೊಟ್ಯಾಷ್ ಬದಲು ಪೊಟ್ಯಾಸಿಯಂ ಸಲ್ಫೇಟ್. ದುಬಾರಿ, ಆದರೆ ಸೊಪ್ಪಿನ ಪಾತಿಗಾದರೂ ಅದೇ ಇರಲಿ. ಎಕರೆಗೆ 10 ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಕೊಡಿ, ಲೋಹವನ್ನು ಅದು ಹಿಡಿದಿಡುತ್ತದೆ. ಸತುವಿನ ಸಲ್ಫೇಟ್ ನಿಮಗೆ ಬೇಡ. ಸತು ಕೊರತೆಯಿರುವ ಹೊಲದಲ್ಲಿ ಅದು ಕ್ಯಾಡ್ಮಿಯಂ ತಡೆಯಲು ನೆರವಾಗುತ್ತದೆ, ನಿಮ್ಮಲ್ಲಿ ಈಗಲೇ 210 ಇದೆ.

ನೀರಿನ ವಿಷಯ. ಹೊಳೆ ನೀರಿನ ಲೋಹ ಬಹುಪಾಲು ಕೆಸರಿನ ಕಣಗಳಿಗೆ ಅಂಟಿಕೊಂಡೇ ಬರುತ್ತದೆ. 6 ಮೀಟರ್ ಉದ್ದ, 5 ಅಗಲ, ಒಂದೂವರೆ ಆಳದ ಗುಂಡಿಯಲ್ಲಿ 45,000 ಲೀಟರ್ ಹಿಡಿಯುತ್ತದೆ. ಹನಿ ನೀರಾವರಿಯಲ್ಲಿ ಒಂದು ಎಕರೆ ತರಕಾರಿಗೆ ಎರಡು ದಿನಕ್ಕೆ ಸಾಕು. ಇಂಥ ಎರಡು ಗುಂಡಿ ಮಾಡಿ, ಒಂದು ತುಂಬಿ ತಿಳಿಯಾಗುವಾಗ ಇನ್ನೊಂದರಿಂದ ಎತ್ತಿ. ಫುಟ್‌ವಾಲ್ವ್ ತಳದಿಂದ ಒಂದೂವರೆ ಅಡಿ ಮೇಲಿರಲಿ. ಮರಳಿನ ಫಿಲ್ಟರ್ ಇಲ್ಲದಿದ್ದರೆ ಡ್ರಿಪ್ಪರ್‌ಗಳು ತಿಂಗಳೊಳಗೆ ಕಟ್ಟಿಕೊಳ್ಳುತ್ತವೆ. ತಳದ ಹೂಳನ್ನು ಎತ್ತಿ ಹೊಲಕ್ಕೇ ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ. ನೀರಿನ ಬಣ್ಣ ಬದಲಾದಾಗ, ನೊರೆ ಹೆಚ್ಚಾದಾಗ, ಮೊದಲ ಮಳೆಗೆ ಹೊಳೆ ಕದಡಿದಾಗ ಮೋಟರ್ ಹಾಕಬೇಡಿ. ಬಣ್ಣದ ನೀರು ಕಂಡ ದಿನ, ಹೊತ್ತು ಬರೆದಿಟ್ಟು, ಫೋಟೋ ಸಮೇತ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಿ. ಬರಿಯ ಬಾಯಿಮಾತಿನ ದೂರಿಗಿಂತ ಹೊತ್ತು ಗುರುತಿಸಿದ ದೂರಿಗೆ ಬೆಲೆ ಹೆಚ್ಚು.

ಸಾಸಿವೆಯ ಬಗ್ಗೆ: ಸಾಸಿವೆ, ಸೂರ್ಯಕಾಂತಿ ಲೋಹ ಹೀರುವುದು ನಿಜ, ನಿಮಗೆ ಅದರಿಂದ ಉಪಯೋಗವಿಲ್ಲ. ಮಣ್ಣಿನ 1.4ನ್ನು 0.7ಕ್ಕೆ ಇಳಿಸಲು ಎಕರೆಯಿಂದ ಸುಮಾರು 630 ಗ್ರಾಂ ಕ್ಯಾಡ್ಮಿಯಂ ಹೊರಗೆ ಹೋಗಬೇಕು. ಸಾಸಿವೆಯ ಒಣಗಿಡದಲ್ಲಿ ಕಿಲೋಗೆ 10 ಮಿಲಿಗ್ರಾಂ ಇದೆ, ಎಕರೆಗೆ 3 ಟನ್ ಒಣಗಿಡ ಬರುತ್ತದೆ ಎಂದಿಟ್ಟುಕೊಂಡರೂ ಒಂದು ಬೆಳೆಗೆ 30 ಗ್ರಾಂ. ಇಪ್ಪತ್ತೊಂದು ಬೆಳೆ! ಆ ಗಿಡವನ್ನು ದನಕ್ಕೆ ಹಾಕುವಂತಿಲ್ಲ, ಗೊಬ್ಬರ ಮಾಡುವಂತಿಲ್ಲ, ಸುಟ್ಟರೆ ಬೂದಿಯಲ್ಲಿ ಲೋಹ ಉಳಿದೇ ಇರುತ್ತದೆ. ಹೀರುವಿಕೆ ಹೆಚ್ಚಿಸಲು ಇಡಿಟಿಎ ಎಂಬ, ಲೋಹವನ್ನು ಕರಗಿಸುವ ರಾಸಾಯನಿಕ ಸುರಿಯಿರಿ ಎಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಅದು ಲೋಹವನ್ನು ನೇರ ಅಂತರ್ಜಲಕ್ಕೆ ಇಳಿಸುತ್ತದೆ.

ಮುಂದಿನ ಸ್ಯಾಂಪಲ್ ತೆಗೆಯುವ ಬಗ್ಗೆ ಎರಡು ಮಾತು. ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶ ನೋಡುತ್ತಾರೆ, ಕ್ಯಾಡ್ಮಿಯಂ, ಸೀಸ ಅದರಲ್ಲಿಲ್ಲ. ಚೀಟಿ ಸರಿಯಿದೆ ಎಂದರೆ ಈ ಲೋಹ ಇಲ್ಲ ಎಂದಲ್ಲ. ಗೋಡು ಬಿದ್ದ ತಾಕು, ಬೀಳದ ತಾಕು ಬೇರೆ ಬೇರೆ ಸ್ಯಾಂಪಲ್ ಆಗಬೇಕು. ಪ್ರತಿ ತಾಕಿನಲ್ಲಿ ಅಂಕುಡೊಂಕಾಗಿ ನಡೆದು 12ರಿಂದ 15 ಕಡೆ 15 ಸೆಂಟಿಮೀಟರ್ ಆಳಕ್ಕೆ ತೆಗೆಯಿರಿ. ಕಾಲುವೆ ಬಾಯಿ, ಗೊಬ್ಬರದ ಗುಡ್ಡೆ ಬಿಡಿ. ಸತುವಿನ ತಗಡಿನ ಬಕೆಟ್ ಬೇಡ, ಸತುವಿನ ಅಂಕಿ ಅದರಿಂದಲೇ ಏರುತ್ತದೆ. ಪ್ಲಾಸ್ಟಿಕ್ ಬಕೆಟ್ ಇರಲಿ. ನೆರಳಲ್ಲಿ ಒಣಗಿಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಡುತ್ತಾ ಅರ್ಧ ಕಿಲೋಗೆ ಇಳಿಸಿ. ಒಟ್ಟು ಲೋಹದ ಜೊತೆಗೆ ಡಿಟಿಪಿಎ ವಿಧಾನದಲ್ಲಿ ಗಿಡಕ್ಕೆ ಸಿಗುವ ಕ್ಯಾಡ್ಮಿಯಂ ಎಷ್ಟೆಂದೂ ಕೇಳಿ. ಸುಣ್ಣ ಹಾಕಿದ ಮೇಲೆ ಒಟ್ಟು ಅಂಕಿ ಕದಲುವುದಿಲ್ಲ, ಕೆಳಗಿಳಿಯಬೇಕಾದ್ದು ಈ ಡಿಟಿಪಿಎ ಅಂಕಿ. ನೀರನ್ನು ಪ್ರಯೋಗಾಲಯದವರೇ ಕೊಟ್ಟ, ಆಮ್ಲ ಹಾಕಿದ ಬಾಟಲಿಯಲ್ಲಿ ತುಂಬಿ. ಬರಿ ಬಾಟಲಿಯಲ್ಲಿ ಲೋಹ ಗೋಡೆಗೆ ಅಂಟಿ ಅಂಕಿ ಸುಳ್ಳಾಗಿ ಕಡಿಮೆ ಬರುತ್ತದೆ.

ಎರಡು ಬೇರೆ ಬೇರೆ ಹಂಗಾಮಿನ ಕೊಯ್ಲಿನಲ್ಲಿ, ತೊಳೆದ ಪಾಲಕ್‌ನ ಕ್ಯಾಡ್ಮಿಯಂ ಒಣತೂಕಕ್ಕೆ 2.0ಕ್ಕಿಂತ ಕೆಳಗೆ ಬಂದರೆ, ಹಸಿತೂಕಕ್ಕೆ ಅದು 0.16, ಆ ತಾಕಿನಲ್ಲಿ ಮತ್ತೆ ಸೊಪ್ಪು ಬಿತ್ತಬಹುದು. ಅಲ್ಲಿಯವರೆಗೆ ಅಲ್ಲಿ ಹೀರೆ ಚಪ್ಪರವೋ ಹುರುಳಿಕಾಯಿಯೋ ಇರಲಿ.